ಮಡುವಿನೊಡೆಯನ ಮೇಲೆ ಬೀಸಿದ ಬಲೆ

ಬೀಸಿದ ಬಲೆ ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಂಡಿರುವುದು ಒಂದೇ ಕ್ಷಣ. ಆ ಕ್ಷಣದಲ್ಲಿ ಅದು ದುಂಡಗೆ, ಹಗುರಾಗಿ, ನೀರಿನ ಮೇಲೆ ಯಾರೋ ಹಾಸಲು ಹೊರಟ ಜಮಖಾನದಂತೆ ಕಾಣುತ್ತದೆ. ಮರುಕ್ಷಣ ಅಂಚಿನ ಸೀಸದ ಗುಂಡುಗಳು ಹೊಳೆಯನ್ನು ಮುಟ್ಟುತ್ತವೆ, ನಾಲ್ಕು ಹನಿ ಮಳೆ ಬಿದ್ದಷ್ಟು ಸದ್ದಾಗುತ್ತದೆ, ಎಲ್ಲ ಮುಳುಗಿಹೋಗುತ್ತದೆ. ಆ ಊರಿನಲ್ಲಿ ನಾನಿದ್ದ ಆರು ವರ್ಷವೂ ಬೆಳಿಗ್ಗೆ ಶಾಲೆಗೆ ಹೋಗುವಾಗ ಸೇತುವೆಯ ಮೇಲಿಂದ ಅದು ಕಣ್ಣಿಗೆ ಬೀಳುತ್ತಿತ್ತು. ನೋಡುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಬೀಸಿದವರ ಮುಖವನ್ನು ನಾನು ಒಂದು ದಿನವೂ ಗಮನಿಸಿದವಳಲ್ಲ.

ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುವುದು ನನ್ನ ಕೆಲಸವಾಗಿತ್ತು. ವಾರವೆಲ್ಲ ಇರುವ ದೇಶಗಳ ನಕ್ಷೆ ಬರೆಸುತ್ತಿದ್ದ ನಾನು ಮನೆಯಲ್ಲಿ ಒಬ್ಬಳೇ ಕೂತು ಇಲ್ಲದ ದೇಶಗಳ ನಕ್ಷೆ ಬರೆಯುತ್ತಿದ್ದೆ. ಈ ಗುಟ್ಟು ತಿಳಿದಿದ್ದ ಸೋದರತ್ತೆಯ ಮಗನೊಬ್ಬ ದೂರದ ಊರಿನಿಂದ ನನಗೊಂದು ರಟ್ಟಿನ ಪೆಟ್ಟಿಗೆ ಕಳಿಸಿಕೊಟ್ಟ. ಒಳಗೆ ನಿಯಮಗಳ ಒಂದು ದಪ್ಪ ಪುಸ್ತಕ, ವಿಚಿತ್ರ ಆಕಾರದ ದಾಳಗಳು, ಮೂರು ಮಡಿಕೆಯ ಒಂದು ರಟ್ಟಿನ ಮರೆ. ಆಟಕ್ಕೆ ಮಣೆಯಿಲ್ಲ, ಕಾಯಿಗಳಿಲ್ಲ. ಒಬ್ಬರು ಕತೆ ಹೇಳಬೇಕು. ಉಳಿದವರು ಒಬ್ಬೊಬ್ಬರೂ ಆ ಕತೆಯೊಳಗಿನ ಒಬ್ಬೊಬ್ಬ ಪಾತ್ರವಾಗಬೇಕು. ‘ಎದುರಿಗೆ ಕೋಟೆ ಬಾಗಿಲು, ಕಾವಲುಗಾರ ನಿಂತಿದ್ದಾನೆ, ಏನು ಮಾಡುತ್ತೀರಿ?’ ಎಂದು ಕತೆ ಹೇಳುವವರು ಕೇಳುತ್ತಾರೆ. ‘ಕತ್ತಿ ಬೀಸುತ್ತೇನೆ’ ಎಂದು ಆಡುವವರು ಹೇಳುತ್ತಾರೆ. ಆ ಏಟು ಬಿತ್ತೋ ತಪ್ಪಿತೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ; ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು. ಆಡುವವರು ತಮ್ಮ ದಾಳವನ್ನು ಎಲ್ಲರೆದುರು ಹಾಕುತ್ತಾರೆ. ಕತೆ ಹೇಳುವವರು ಮಾತ್ರ, ಮುಂದಿನದು ಬಯಲಾಗದಿರಲೆಂದು, ರಟ್ಟಿನ ಮರೆಯ ಹಿಂದೆ ಹಾಕುತ್ತಾರೆ. ಅಲ್ಲೇನು ಬಿತ್ತು ಎನ್ನುವುದಕ್ಕೆ ಅವರ ಮಾತೇ ಸಾಕ್ಷಿ.

ಪ್ರತಿ ಭಾನುವಾರ ಮಧ್ಯಾಹ್ನ ನಾವು ಮೂವರು ಊರಿನ ವಾಚನಾಲಯದ ಮಹಡಿಯಲ್ಲಿ ಸೇರುತ್ತಿದ್ದೆವು. ಕತೆ ಹೇಳುವವಳು ನಾನು. ಆಡುವವರಲ್ಲಿ ಒಬ್ಬರು ಇಂದುಧರ, ಪೇಟೆಬೀದಿಯ ಒಂದು ದವಾಖಾನೆಯಲ್ಲಿ ಕಾಂಪೌಂಡರ್. ರೋಗಿಗಳ ಎದುರಿಗೇ ಡಾಕ್ಟರಿಂದ ಬೈಸಿಕೊಂಡು ತಲೆತಗ್ಗಿಸುತ್ತಿದ್ದ ಆ ಸಣಕಲು ಮನುಷ್ಯ ನಮ್ಮ ಆಟದಲ್ಲಿ ವಜ್ರಕೇತು ಎಂಬ ಮಹಾವೀರನಾಗಿದ್ದರು. ಇನ್ನೊಬ್ಬಳು ಜಬೀನ್, ಸ್ವಂತ ಹೊಲಿಗೆ ಅಂಗಡಿ ನಡೆಸುತ್ತಿದ್ದ, ಮಾತು ಕಮ್ಮಿ ಆಡುವ ಹೆಂಗಸು. ಆಟದಲ್ಲಿ ಅವಳು ಬೆರಳ ತುದಿಯಿಂದ ಬೆಂಕಿ ಹಾರಿಸುವ ಮಾಟಗಾತಿ.

ಒಂದು ಭಾನುವಾರ ಮಹಡಿಯ ಕಿಟಕಿಗಳಿಗೆ ಪಾರಿವಾಳ ಬರದಂತೆ ಬಲೆ ಕಟ್ಟಲು ಇಬ್ಬರು ಬಂದರು. ಒಬ್ಬ ಏಣಿ ಹತ್ತಿದ. ಇನ್ನೊಬ್ಬ ನಲವತ್ತೈದು ದಾಟಿದ ಗಟ್ಟಿ ಆಳು, ಕೆಳಗೆ ನಿಂತು ಬಲೆ ಬಿಡಿಸಿ ಕೊಡುತ್ತಿದ್ದ. ನಮ್ಮ ಕತೆಯಲ್ಲಿ ಆಗ ವಜ್ರಕೇತು ಉಕ್ಕಿನ ಕವಚ ತೊಟ್ಟುಕೊಂಡೇ ಹೊಳೆಗೆ ಧುಮುಕಿದ್ದ. ಬಲೆ ಬಿಡಿಸುತ್ತಿದ್ದ ಕೈ ನಿಂತಿತು.

“ತಪ್ಪು ತಿಳೀಬ್ಯಾಡಿ ಟೀಚರಮ್ಮ,” ಎಂದ ಆತ. “ಕಬ್ಬಿಣದ ಅಂಗಿ ತೊಟ್ಟು ನೀರಿಗೆ ಬಿದ್ದೋನು ಮ್ಯಾಲಕ್ಕೆ ಹೆಂಗೆ ಬತ್ತಾನೆ?”

ಇಂದುಧರ ಮುಖ ಗಂಟಿಕ್ಕಿದರು. “ರೀ, ಇದು ಆಟ ಕಣ್ರೀ.”

“ಆಟವೇ ಸ್ವಾಮಿ. ನೀರೂ ಆಟದ್ದೇನಾ?”

ಜಬೀನ್ ನಕ್ಕುಬಿಟ್ಟಳು. ನಾನು ಪುಸ್ತಕ ತೆಗೆದು ನೋಡಿ, ವಜ್ರಕೇತು ದಾಳ ಹಾಕಲೇಬೇಕೆಂದು ತೀರ್ಪು ಕೊಟ್ಟೆ. ನಾಲ್ಕು ಬಿತ್ತು. ಮಹಾವೀರ ಹೊಟ್ಟೆತುಂಬ ನೀರು ಕುಡಿದು, ಕವಚ ಕಳೆದುಕೊಂಡು, ಹೇಗೋ ದಡ ಸೇರಿದ. ಮುಂದಿನ ಭಾನುವಾರ ಆ ಮನುಷ್ಯ ಒಗೆದ ಅಂಗಿ ತೊಟ್ಟು, ಮಹಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ. ಹೆಸರು ಮರಿಗಂಗಯ್ಯ. ಹೊಳೆದಂಡೆಯ ಬೆಸ್ತರ ಬೀದಿಯವರು.

ಆಟಕ್ಕೆ ಸೇರುವವರು ಒಂದು ಆಯುಧ ಆರಿಸಿಕೊಳ್ಳಬೇಕಿತ್ತು. ಕತ್ತಿ, ಗದೆ, ಕೊಡಲಿ, ಬಿಲ್ಲು ಎಂದು ಓದುತ್ತ ಹೋದೆ. ಕೊನೆಯಲ್ಲಿ, ಯಾರೂ ಕೇಳುವುದಿಲ್ಲವೆಂದು ದನಿ ತಗ್ಗಿಸಿ, “ಬಲೆ” ಎಂದೆ.

“ಬೀಸುಬಲೆನಾ?”

“ಹೌದು, ಆದರೆ…”

“ಅದೇ ಬರ್ಕಳಿ.”

ನಿಯಮಗಳನ್ನು ಓದಿ ಹೇಳಿದೆ. ಹತ್ತಿರದವರ ಮೇಲೆ ಮಾತ್ರ ಎಸೆಯಬಹುದು. ತಗುಲಿದರೆ ಎದುರಾಳಿ ಸಿಕ್ಕಿಬೀಳುತ್ತಾನೆ, ಅಷ್ಟೇ, ಗಾಯವಾಗುವುದಿಲ್ಲ. ಅವನಿಗೆ ಬಲವಿದ್ದರೆ ಹರಿದುಕೊಳ್ಳಬಹುದು, ಚೂರಿಯಿದ್ದರೆ ಕೊಯ್ದುಕೊಳ್ಳಬಹುದು.

“ಬಲೆ ಹಾಕಿದ್ರೆ ರಾಕ್ಷಸ ಸಾಯ್ತಾನೇನ್ರೀ?” ಎಂದು ಇಂದುಧರ ಹಲ್ಲು ಬಿಟ್ಟರು.

“ಸಾಯಾಕಿಲ್ಲ. ನಿಂತ್ಕತಾನೆ,” ಎಂದರು ಮರಿಗಂಗಯ್ಯ. ಪಾತ್ರಕ್ಕೆ ಹೆಸರೇನಿಡಲಿ ಎಂದು ಕೇಳಿದೆ. “ಬಲೆಗಾರ ಅಂತ ಹಾಕಿ. ಅವನ್ನ ಇನ್ನೇನಂತ ಕರೀತಾರೆ?”

ಅಲ್ಲಿಂದಾಚೆಗೆ ನನ್ನ ಭಾನುವಾರಗಳು ಬದಲಾದವು. ದಪ್ಪ ಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆಗಳನ್ನು ಅವರು ಕೇಳುತ್ತಿದ್ದರು. ಬಲೆಯ ಕಣ್ಣು ಎಷ್ಟು ದೊಡ್ಡದು? ಅಂಚಿಗೆ ಎಷ್ಟು ಗುಂಡು ಕಟ್ಟಿದೆ? ಬಲೆ ಒದ್ದೆಯೋ ಒಣಗಿದ್ದೋ? ಒದ್ದೆಯಾದರೇನು ಎಂದು ಕೇಳಿದರೆ, “ಒಣಬಲೆ ಗಾಳಿಗೆ ಮಡಚ್ಕತದೆ ಟೀಚರಮ್ಮ, ನೆನೆದಿದ್ದು ಅಗಲಕ್ಕೆ ಬೀಳ್ತದೆ,” ಎನ್ನುವರು. ಪ್ರತಿ ಸಲವೂ ಬಲೆಯ ಅರ್ಧವನ್ನು ಹೆಗಲಿಗೆ ಹೇಗೆ ಹಾಕಿಕೊಂಡೆ, ಉಳಿದರ್ಧವನ್ನು ಹೇಗೆ ಹಿಡಿದೆ, ಸೊಂಟ ಯಾವ ಕಡೆಗೆ ತಿರುಗಿತು ಎಂದು ನಿಧಾನವಾಗಿ ಹೇಳುವರು. ಆಮೇಲೆ ಎಡಗೈಯಲ್ಲಿ ದಾಳ ಹಾಕುವರು. ಸೇತುವೆಯ ಮೇಲಿಂದ ಕಾಣುತ್ತಿದ್ದ ಆ ದುಂಡನೆಯ ಕ್ಷಣ ನಮ್ಮ ಮೇಜಿನ ಮೇಲೆ ನಿಂತಂತಾಗುತ್ತಿತ್ತು. ಇಂದುಧರ ಕೂಡ ಬಾಯಿ ಮುಚ್ಚಿ ಕೇಳುತ್ತಿದ್ದರು.

ಬಲೆ ನಮ್ಮ ಕತೆಯ ದಾರಿಯನ್ನೇ ತಿರುಗಿಸಿತು. ರೆಕ್ಕೆಯ ಬೇತಾಳವೊಂದನ್ನು ಬಲೆಗಾರ ಆಕಾಶದಿಂದ ಕೆಳಗೆಳೆದ. ಬೆಂಕಿ ಹಾರಿಸಲು ಹೊರಟ ಜಬೀನಳನ್ನು ಮರಿಗಂಗಯ್ಯ “ನಮ್ ಬಲೆ ಸುಟ್ಟೀಯವ್ವಾ!” ಎಂದು ಕೂಗಿ ತಡೆದರು. ಕೋಟೆಯ ಕಾವಲುಗಾರನೊಡನೆ ಭಾರಿ ಕಾದಾಟ ನಡೆಯಲೆಂದು ನಾನು ಮೂರು ಪುಟ ಬರೆದುಕೊಂಡು ಹೋಗಿದ್ದೆ. ಬಲೆಗಾರ ಒಂದೇ ಬೀಸಿಗೆ ಅವನನ್ನು ಕೆಡವಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, “ನಿಮ್ ದೊರೆ ಹೊಟ್ಟೆಗೆ ಸರಿಯಾಗಿ ಇಕ್ತಾನೇನಪ್ಪ?” ಎಂದು ಕೇಳಿದ. ಕಾವಲುಗಾರನ ಬಾಯಿಯಾಗಿ ಉತ್ತರಿಸಬೇಕಾದವಳು ನಾನು. ಅವನ ಊಟದ ಬಗ್ಗೆ ನಾನು ಯೋಚಿಸಿರಲೇ ಇಲ್ಲ. ತಡವರಿಸುತ್ತ ಏನೇನೋ ಹೇಳಿದೆ. ಕಡೆಗೆ ಆ ಕಾವಲುಗಾರ ಹಿಂಬಾಗಿಲಿನ ದಾರಿ ತೋರಿಸಿಕೊಟ್ಟ. ನನ್ನ ಮೂರು ಪುಟ ಹಾಗೇ ಉಳಿಯಿತು.

ಎಲ್ಲರೂ ಸಂತೋಷಪಟ್ಟರು. ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಒಳಗೊಳಗೇ ಏನೋ ಚುಚ್ಚುತ್ತಿತ್ತು. ಕತೆ ನನ್ನದು. ನಕ್ಷೆ, ಕೋಟೆ, ಕೋಟೆಯೊಳಗಿನ ಕಲ್ಲುಗಳೂ ನನ್ನವು. ಒಬ್ಬ ಬಲೆಗಾರ ಬಂದು ಪ್ರತಿ ವಾರ ಅದನ್ನು ತನ್ನ ಕಡೆಗೆ ಎಳೆದುಕೊಂಡು ಹೋಗುತ್ತಿದ್ದಾನೆ ಎನ್ನಿಸುತ್ತಿತ್ತು. ಹೊಟ್ಟೆಕಿಚ್ಚು ಎಂಬ ಮಾತನ್ನು ಆಗ ನಾನು ಒಪ್ಪುತ್ತಿರಲಿಲ್ಲ.

ಕತೆಯ ಕೊನೆಗೆಂದು ನಾನು ನಾಲ್ಕು ತಿಂಗಳು ಕೂತು ಒಂದು ಪ್ರಾಣಿಯನ್ನು ಸೃಷ್ಟಿಸಿದ್ದೆ. ಮೊಸಳೆಯ ಬಾಯಿ, ಕೋಣದ ಕೊಂಬು, ಮೂವತ್ತು ಮಾರು ಉದ್ದದ ಮೈ. ಹೊಳೆಯ ಅತಿ ಆಳದ ಮಡುವಿನಲ್ಲಿ ಮಲಗಿ ಇಡೀ ನಾಡಿನ ನೀರನ್ನು ತಡೆಹಿಡಿದಿದ್ದ ಅದನ್ನು ಮಡುವಿನೊಡೆಯ ಎಂದು ಕರೆದಿದ್ದೆ. ಅದು ಹೇಗೆ ಮೇಲೇಳುತ್ತದೆ, ಯಾವ ಸುತ್ತಿನಲ್ಲಿ ಬಾಲ ಬೀಸುತ್ತದೆ, ಯಾವಾಗ ಗರ್ಜಿಸುತ್ತದೆ, ಎಲ್ಲವನ್ನೂ ಬರೆದಿಟ್ಟಿದ್ದೆ.

ಆ ಭಾನುವಾರ ಬಂತು. ಮಡುವಿನೊಡೆಯ ನೀರು ಸೀಳಿಕೊಂಡು ಮೇಲೆದ್ದಿತು. ನಾನು ಓದಿದ ವರ್ಣನೆಗೆ ಜಬೀನ್ ಕುರ್ಚಿಯ ತುದಿಗೆ ಬಂದಿದ್ದಳು. ಮೊದಲ ಸರದಿ ಬಲೆಗಾರನದು.

“ಬಲೆ ನೆನೆಸ್ಕತೀನಿ,” ಎಂದರು ಮರಿಗಂಗಯ್ಯ. “ಹೆಗಲಿಗೆ ಹಾಕ್ಕಂಡೆ. ಅದು ಬಾಯಿ ತಗದಾಗ ಬೀಸಾಕಿಲ್ಲ. ಮುಚ್ಚಲಿ ಅಂತ ಕಾಯ್ತೀನಿ. ಮುಚ್ತು. ಈಗ.”

ಎಡಗೈಯಿಂದ ದಾಳ ಉರುಳಿತು. ಇಪ್ಪತ್ತು.

ಇಂದುಧರ ಮೇಜು ಗುದ್ದಿದರು. ಇಪ್ಪತ್ತು ಬಿದ್ದರೆ ಮೇಲೆ ಮಾತಿಲ್ಲ, ಬಲೆ ಬಿದ್ದಂತೆಯೇ. ಉಳಿದದ್ದು ಪ್ರಾಣಿಯ ದಾಳ. ಅಷ್ಟು ದೊಡ್ಡ ಮೈಗೆ ಎಂಟಕ್ಕಿಂತ ಹೆಚ್ಚು ಬಿದ್ದರೂ ಸಾಕು, ಹರಿದುಕೊಂಡು ಹೊರಬರುತ್ತದೆ. ಮರೆಯ ಹಿಂದೆ ನಾನು ದಾಳ ಹಾಕಿದೆ. ನೋಡಿದೆ. ತಲೆಯೆತ್ತಿದೆ.

“ಹದಿನೇಳು,” ಎಂದೆ. “ಮಡುವಿನೊಡೆಯ ಬಲೆ ಹರಿದುಕೊಂಡಿತು.”

ಇಂದುಧರ “ಛೇ” ಎಂದರು. ಮರಿಗಂಗಯ್ಯ ಪಾತ್ರದ ವಿವರ ಬರೆದಿದ್ದ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು.

“ಎಲ್ಲಿ ಹರೀತು ಟೀಚರಮ್ಮ?”

“ಎಲ್ಲಿ ಅಂದರೆ?”

“ಅಂಚಲ್ಲೋ, ನಡುವೆಯೋ, ತುದಿ ಹಗ್ಗದತ್ರವೋ?”

“ನಡುವೆ,” ಎಂದೆ.

“ನಡುವೆ,” ಎಂದು ಅವರು ತಮ್ಮ ಕಾಗದದ ಮೇಲೆ ‘ಬಲೆ’ ಎಂದಿದ್ದ ಕಡೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಬರಿಗೈಯಲ್ಲಿ ನಿಂತ ಬಲೆಗಾರನ ಮೇಲೆ ಮಡುವಿನೊಡೆಯನ ಬಾಲ ಬಿತ್ತು. “ಹೋದನಾ?” ಎಂದು ಕೇಳಿದರು. “ಹೋದ,” ಎಂದೆ. ಅವರು ಕಾಗದ ಮಡಚಿ ಮೇಜಿನ ಮೇಲಿಟ್ಟು, ಕೈಕಟ್ಟಿ ಕೂತು ಮಿಕ್ಕ ಆಟ ನೋಡಿದರು.

ಮಿಕ್ಕ ಆಟ ಅದ್ಭುತವಾಗಿತ್ತು, ಅದನ್ನು ಹೇಳಲೇಬೇಕು. ನಾನು ಬರೆದ ಒಂದು ಸಾಲೂ ವ್ಯರ್ಥವಾಗಲಿಲ್ಲ. ಜಬೀನಳ ಬೆಂಕಿ, ಬಾಲದ ಹೊಡೆತ, ಗರ್ಜನೆ, ಕೊನೆಗೆ ವಜ್ರಕೇತು ಕೊಂಬು ಹಿಡಿದು ಏರಿ ಕುತ್ತಿಗೆಗಿಟ್ಟ ಕತ್ತಿ. ಇಂದುಧರ ಕುರ್ಚಿಯ ಮೇಲೆ ಹತ್ತಿ ನಿಂತರು. ಅವರನ್ನು ಅಷ್ಟು ಎತ್ತರದಲ್ಲಿ ನಾನೆಂದೂ ಕಂಡಿರಲಿಲ್ಲ. ಮರಿಗಂಗಯ್ಯ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ಚೆನ್ನಾಗಿತ್ತು ಟೀಚರಮ್ಮ,” ಎಂದು ಹೇಳಿ ಮೆಟ್ಟಿಲಿಳಿದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಇಂದುಧರ ಮಾತ್ರ ಬೋರ್ಡು ಬರೆಯುವ ಕಲಾವಿದನೊಬ್ಬನಿಂದ ಚಿತ್ರವೊಂದನ್ನು ಬರೆಸಿ ತಂದಿದ್ದರು. ಮಡುವಿನೊಡೆಯನ ತಲೆ ಹಿಡಿದು ನಿಂತ ವಜ್ರಕೇತು, ಮುಖ ಸ್ವಲ್ಪ ಇಂದುಧರರದೇ. ಅದನ್ನು ಮಹಡಿಯ ಗೋಡೆಗೆ ತೂಗುಹಾಕಿ, ಹಿಂದೆ ಸರಿದು ನೋಡಿ, ಮತ್ತೆ ನೇರ ಮಾಡಿದರು. ಡಾಕ್ಟರು ಆ ವಾರ ಬೈದಾಗ ಮೊದಲ ಸಲ ಎದುರು ಮಾತಾಡಿದೆನೆಂದು ಹೇಳಿಕೊಂಡರು. “ಮರಿಗಂಗಯ್ಯನಿಗೆ ಪಾತ್ರ ಸತ್ತಿದ್ದು ಬೇಜಾರಾಗಿದೆ ಮೇಡಂ. ಹೊಸ ಪಾತ್ರ ಕೊಡೋಣ, ಕರೆದುಕೊಂಡು ಬನ್ನಿ,” ಎಂದರು.

ಮೂರನೆಯ ವಾರ ಶಾಲೆ ಬಿಟ್ಟ ಮೇಲೆ ನಾನು ಬೆಸ್ತರ ಬೀದಿಗೆ ಹೋದೆ. ಅವರು ಬಿಟ್ಟುಹೋಗಿದ್ದ ಕಾಗದ ಕೊಡಬೇಕು ಎಂಬುದು ನೆಪ. ಮನೆಯ ಮುಂದೆ ಅವರ ಹೆಂಡತಿ ದೇವೀರಮ್ಮ ಮೀನು ಒಣಹಾಕುತ್ತಿದ್ದರು. ಯಾರು ಎಂದು ಹೇಳಿದೊಡನೆ ಅವರ ಮುಖ ಅರಳಿತು.

“ಓ, ನೀವಾ ಟೀಚರಮ್ಮ! ಬನ್ನಿ, ಕೂತ್ಕಳಿ. ನೂಲು ತರಾಕೆ ಹೋಗವ್ರೆ, ಬತ್ತಾರೆ.” ಚಾಪೆ ಹಾಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ಅಲ್ಲವ್ವಾ, ಭಾನುವಾರದ್ದು ನಿಂತೋಯ್ತಾ?”

“ಯಾಕಮ್ಮ?”

“ಅವರು ಹೊಳೆಗೆ ಇಳಿಯೋದು ಬಿಟ್ಟು ಐದು ವರ್ಸ ಆಯ್ತು. ಪ್ರವಾಹದಾಗೆ ಹರಿಗೋಲಿಗೂ ಸೇತುವೆ ಕಂಬಕ್ಕೂ ಮಧ್ಯ ಸಿಕ್ಕಾಕಂಡ್ರಲ್ಲ, ಬಲಗೈ ಭುಜದಿಂದ ಮ್ಯಾಲಕ್ಕೆ ಏಳಾಕಿಲ್ಲ. ಬೆರಳಿಗೇನಾಗಿಲ್ಲ, ಬಲೆ ಹೆಣೀತಾರೆ. ಬೀಸಾಕಾಗಾಕಿಲ್ಲ. ಇವರು ಹೆಣೆದ ಬಲೆ ಇನ್ನೊಬ್ಬರು ಬೀಸ್ತಾರೆ, ಇವರು ದಂಡೆ ಕಡೆ ತಿರುಗೂ ನೋಡಾಕಿಲ್ಲ.” ಅವರು ಕೈಯಲ್ಲಿದ್ದ ಮೀನನ್ನು ಸುಮ್ಮನೆ ತಿರುಗಿಸಿದರು. “ನಿಮ್ತಾವ ಬರಾಕೆ ಸುರು ಮಾಡಿದ್ಮ್ಯಾಲೆ, ಭಾನುವಾರ ಊಟ ಮುಗಿಸಿ ‘ಬಲೆ ಬೀಸಿ ಬತ್ತೀನಿ’ ಅಂತ ಹೊರಡೋರು. ನನಗೆ ಎದೆ ಹೊಡ್ಕಳೋದು. ಸಾಯಂಕಾಲ ಬಂದು, ಇವತ್ತು ರೆಕ್ಕೆ ಇರೋದು ಒಂದು ಬಿತ್ತು ಕಣೆ ಅನ್ನೋರು. ನಗ್ತಾ ನಗ್ತಾ ಅನ್ನೋರು. ಏನೋ, ಎಲ್ಲಿದೋ, ನಂಗೇನ್ ತಿಳೀತದೆ. ಮೂರು ವಾರದಿಂದ ಸುಮ್ಕೆ ಕೂತವ್ರೆ.”

ಎಡಗೈಯಿಂದ ಉರುಳುತ್ತಿದ್ದ ದಾಳ ನೆನಪಾಯಿತು. ಮೇಜಿನ ಕೆಳಗೆ ತೊಡೆಯ ಮೇಲೆ ಕೂತಿರುತ್ತಿದ್ದ ಬಲಗೈ ನೆನಪಾಯಿತು. ಒಂದು ವರ್ಷ ಎದುರಿಗೆ ಕೂತ ಮನುಷ್ಯನನ್ನು ನಾನು ಇಷ್ಟೂ ನೋಡಿರಲಿಲ್ಲ. ಬೀದಿಯ ತುದಿಯಲ್ಲಿ ಹೊಳೆ ಕಾಣುತ್ತಿತ್ತು; ಅಲ್ಲಿ ಯಾರೋ ಬೀಸಿದ ಬಲೆ ಬಿಚ್ಚಿಕೊಂಡು ಒಂದು ಕ್ಷಣ ದುಂಡಗೆ ನಿಂತಿತು. ನಾನು ಕಣ್ಣು ತಿರುಗಿಸಿಕೊಂಡೆ.

ಮರಿಗಂಗಯ್ಯ ನೂಲಿನ ಉಂಡೆಗಳನ್ನು ಬಗಲಲ್ಲಿಟ್ಟುಕೊಂಡು ಬಂದರು. ನನ್ನನ್ನು ಕಂಡು ಆಶ್ಚರ್ಯಪಟ್ಟಂತೆ ಕಾಣಲಿಲ್ಲ. ದೇವೀರಮ್ಮ ಟೀ ಮಾಡಲು ಒಳಗೆ ಹೋದರು. ಮರಿಗಂಗಯ್ಯ ಜಗುಲಿಯ ಮೇಲೆ ಕೂತು, ಅರ್ಧ ಹೆಣೆದ ಬಲೆಯನ್ನು ಮಡಿಲಿಗೆಳೆದುಕೊಂಡು ಬಿದಿರಿನ ಸೂಜಿಗೆ ನೂಲು ಸುತ್ತತೊಡಗಿದರು.

“ಮರಿಗಂಗಯ್ಯನವರೇ, ಅವತ್ತು ಹದಿನೇಳು ಬಿದ್ದಿರಲಿಲ್ಲ,” ಎಂದೆ.

“ಊಂ.”

“ಮೂರು ಬಿದ್ದಿತ್ತು. ಬಲೆ ಹರಿದಿರಲಿಲ್ಲ. ಪ್ರಾಣಿ ಸಿಕ್ಕಿಬಿದ್ದಿತ್ತು.”

“ಗೊತ್ತಿತ್ತು ಟೀಚರಮ್ಮ.”

“ಹೇಗೆ?”

“ಯಾವಾಗಲೂ ನೀವು ದಾಳ ನೋಡ್ತಾನೇ ಹೇಳೋರು. ಅವತ್ತು ದಾಳ ನೋಡಿ, ಆಮ್ಯಾಲೆ ನಮ್ ಮೂರೂ ಜನದ ಮಖ ನೋಡಿ, ಆಮ್ಯಾಲೆ ಹೇಳಿದ್ರಿ.” ಸೂಜಿ ಬಲೆಯ ಕಣ್ಣೊಂದರಲ್ಲಿ ತೂರಿ ಹೊರಬಂತು. “ನೆನೆದ ಬಲೆ ನಡುವೆ ಹರಿಯಾಕಿಲ್ಲ. ಅದಿರಲಿ. ನಿಮಗೆ ಅದು ತಿಳೀದು.”

“ಕತೆ ಅಷ್ಟು ಬೇಗ ಮುಗಿದುಹೋಗುತ್ತೆ ಅಂತ ಹೆದರಿದೆ. ನಾಲ್ಕು ತಿಂಗಳು ಬರೆದದ್ದು…” ಎನ್ನುತ್ತ ಹೋದೆ. ನನ್ನ ಮಾತು ನನಗೇ ಸಣ್ಣದಾಗಿ ಕೇಳಿಸಿತು. ನಿಲ್ಲಿಸಿದೆ. “ತಪ್ಪಾಯಿತು.”

ಅವರು ಇನ್ನೂ ನಾಲ್ಕೈದು ಗಂಟು ಹಾಕಿದರು.

“ಬಲೆಗಾರ ಸತ್ತಿದ್ದಕ್ಕೆ ನಂಗೇನಿಲ್ಲ. ನೀರಿಗಿಳಿದೋನು ಸಾಯಬೌದು. ಹೊಳೆ ನನ್ ಕೈ ತಗಂತು, ಅದರ ಮ್ಯಾಲೆ ನಾನು ಸಿಟ್ಟು ಮಾಡಿದೋನಲ್ಲ. ಅದು ನನ್ನ ನೋಡಿ ತಗಳ್ಳಿಲ್ಲ, ಬಂತು, ಹೋಯ್ತು. ನೀವು ನನ್ ಮಖ ನೋಡಿ ತಗಂಡ್ರಿ.” ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿದರು. ಸಿಟ್ಟಿರಲಿಲ್ಲ, ಅದೇ ತಡೆಯಲಾಗಲಿಲ್ಲ. “ಬೀಸೋ ಬಲೆ ಅದೊಂದೇ ಉಳಿದಿತ್ತು ನಂಗೆ.”

ದೇವೀರಮ್ಮ ಟೀ ತಂದರು. ಕುಡಿದೆವು. ಮತ್ತೆ ಬರಬೇಕೆಂದು ಕೇಳಿಕೊಂಡೆ.

“ಅವರಿಬ್ರಿಗೆ ಹೇಳಿದ್ರಾ?”

“ಇಲ್ಲ.”

“ನಂಗೊಬ್ನಿಗೇ ಹೇಳಿದ್ರೆ ಅದೂ ಮರೆ ಹಿಂದೆ ಹೇಳಿದಂಗೇ ಅಲ್ವಾ?”

ಗೋಡೆಯ ಮೇಲಿನ ಚಿತ್ರ ಕಣ್ಣ ಮುಂದೆ ಬಂತು. ನಿಜ ಹೇಳಿದರೆ ಇಂದುಧರರನ್ನು ಆ ಕುರ್ಚಿಯ ಮೇಲಿಂದ ಇಳಿಸಿದಂತೆ. ಹೇಳದಿದ್ದರೆ ಈ ಮನುಷ್ಯ ಮತ್ತೆ ಮೆಟ್ಟಿಲು ಹತ್ತುವುದಿಲ್ಲ. ದಾರಿಯುದ್ದಕ್ಕೂ, ಆ ವಾರವೆಲ್ಲ, ಈ ಎರಡರ ನಡುವೆ ಒದ್ದಾಡಿದೆ. ತರಗತಿಯಲ್ಲಿ ಒಬ್ಬ ಹುಡುಗಿ ನಕ್ಷೆಯಲ್ಲಿ ಹೊಳೆಯನ್ನು ಬೆಟ್ಟದ ಮೇಲಕ್ಕೆ ಹರಿಸಿದ್ದಳು. ತಿದ್ದಲು ಹೋಗಿ, ತಿದ್ದುವ ಅಧಿಕಾರ ನನಗಿದೆಯೇ ಎಂದು ಕೆಂಪು ಪೆನ್ನು ಹಿಡಿದು ನಿಂತಿದ್ದೆ.

ಶನಿವಾರ ಬೆಸ್ತರ ಬೀದಿಗೆ ಹೋಗಿ, “ನಾಳೆ ಹೇಳುತ್ತೇನೆ, ನೀವು ಇರಬೇಕು,” ಎಂದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಭಾನುವಾರ ನಾನು ಮಹಡಿ ಹತ್ತಿದಾಗ ಬಾಗಿಲಲ್ಲಿ ಅವರ ಚಪ್ಪಲಿ ಇದ್ದವು.

ನಾಲ್ಕು ಜನ ಕೂತೆವು. ನಾನು ರಟ್ಟಿನ ಮರೆಯನ್ನು ಮಡಚಿ ಮೇಜಿನ ಕೆಳಗಿಟ್ಟೆ. ಬಿದ್ದದ್ದು ಮೂರು, ಹೇಳಿದ್ದು ಹದಿನೇಳು, ಯಾಕೆ ಹೇಳಿದೆ, ಎಲ್ಲವನ್ನೂ ಹೇಳಿದೆ. ಹೊಟ್ಟೆಕಿಚ್ಚು ಎಂಬ ಪದವನ್ನೂ ಬಿಡಲಿಲ್ಲ.

ಇಂದುಧರ ಮೊದಲು ನಕ್ಕರು, ತಮಾಷೆ ಎಂದುಕೊಂಡು. ಆಮೇಲೆ ಅವರ ಮುಖದ ಬಣ್ಣ ಹೋಯಿತು.

“ಹಾಗಾದರೆ ನಾನು ಕೊಂದಿದ್ದು ಏನು ಮೇಡಂ?”

ನನ್ನ ಕಣ್ಣು ಗೋಡೆಯ ಚಿತ್ರದ ಕಡೆ ಹೋಯಿತು.

“ಸಿಕ್ಕಿಬಿದ್ದಿರಬೇಕಾದ ಪ್ರಾಣಿನ ನೀವು ಬಿಚ್ಚಿ ಬಿಟ್ಟಿರಿ, ನಾನು ಕುಣಿದೆ. ಊರಿಗೆಲ್ಲ ಹೇಳಿಕೊಂಡು ಬಂದೆ.” ಎದ್ದು ಹೋಗಿ ಗೋಡೆಯ ಚಿತ್ರ ಇಳಿಸಿದರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗವಚಿಕೊಂಡು ನಿಂತರು. “ಡಾಕ್ಟರ್ ಸರಿಯಾಗೇ ಹೇಳ್ತಾರೆ ನನಗೆ,” ಎಂದು ಬಾಗಿಲ ಕಡೆ ಹೊರಟರು.

ಮರಿಗಂಗಯ್ಯ ಎದ್ದು ಅಡ್ಡ ಬಂದರು.

“ಸ್ವಾಮಿ, ಕೇಳಿ ಇಲ್ಲಿ. ಸುಳ್ಳು ಹೇಳಿದ್ದು ಟೀಚರಮ್ಮ. ನಿಮ್ ದಾಳ ನೀವು ಎಲ್ರ ಮುಂದೆ ಹಾಕಿದ್ರಿ, ನಾನು ನೋಡ್ತಾ ಕೂತಿದ್ದೆ. ಒಂದೂ ಸುಳ್ಳಲ್ಲ. ಹರಕೊಂಡು ಬಂದ ಪ್ರಾಣಿ ಮ್ಯಾಲೆ ಯಾರು ಹತ್ತಿದ್ರು? ನೀವೇ ಹತ್ತಿದ್ದು.”

ಇಂದುಧರ ನಿಂತರು, ಆದರೆ ಕೂರಲಿಲ್ಲ. ಕಡೆಗೆ ಜಬೀನ್ ಬಾಯಿ ಬಿಟ್ಟಳು.

“ಹೊಲಿಗೆ ತಪ್ಪಿದ್ರೆ ನಾವು ಬಟ್ಟೆ ಎಸೆಯಲ್ಲ. ತಪ್ಪಿದ ಕಡೆವರೆಗೆ ಬಿಚ್ತೀವಿ, ಅಲ್ಲಿಂದ ಹೊಲೀತೀವಿ. ಕೂತ್ಕೊಳ್ಳಿ ಇಂದುಧರಣ್ಣ.” ದಾಳವನ್ನು ಮೇಜಿನ ನಡುವೆ ತಂದು, ಮೂರು ಮೇಲೆ ಬರುವಂತೆ ಇಟ್ಟಳು. “ಟೀಚರ್, ಇಲ್ಲಿಂದ.”

ಇಂದುಧರ ಚಿತ್ರವನ್ನು ಗೋಡೆಗೆ ಮುಖ ಮಾಡಿ ಒರಗಿಸಿ, ಬಂದು ಕೂತರು.

ನಾನು ಹೇಳತೊಡಗಿದೆ. ಬಲೆ ಬಿತ್ತು. ಮಡುವಿನೊಡೆಯ ಎಳೆದಾಡಿತು. ಬಲೆ ಹರಿಯಲಿಲ್ಲ. ಅಲ್ಲಿಗೆ ನನ್ನ ಬಳಿ ಇದ್ದ ಪುಟಗಳು ಮುಗಿದವು. ಸಿಕ್ಕಿಬಿದ್ದರೆ ಅದು ಏನು ಮಾಡುತ್ತದೆಂದು ನಾಲ್ಕು ತಿಂಗಳಲ್ಲಿ ಒಂದು ಸಾಲೂ ಬರೆದಿರಲಿಲ್ಲ.

“ಏನು ಮಾಡ್ತಾ ಐತೆ ಅದು?” ಎಂದು ಕೇಳಿದರು ಮರಿಗಂಗಯ್ಯ.

“ಗೊತ್ತಿಲ್ಲ,” ಎಂದೆ. ಆಮೇಲೆ ಕಣ್ಣುಮುಚ್ಚಿ ನೋಡಿದೆ. “ಉಸಿರಾಡ್ತಾ ಇದೆ. ಜೋರಾಗಿ. ಕೊಂಬು ಬಲೆಯ ಕಣ್ಣಿಗೆ ಸಿಕ್ಕಿದೆ. ನಮ್ಮನ್ನ ನೋಡ್ತಾ ಇದೆ.”

ಸರದಿ ವಜ್ರಕೇತುವಿನದು. ಇಂದುಧರ ದಾಳವನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಒಂದು ಏಟು ಸಾಕಿತ್ತು. ತಲೆ ಮತ್ತೆ ಅವರದಾಗುತ್ತಿತ್ತು, ಚಿತ್ರ ಮತ್ತೆ ಗೋಡೆಗೇರುತ್ತಿತ್ತು.

“ಕಟ್ಟಿಹಾಕಿರೋದನ್ನ ಹೊಡೆಯೋಕೆ ವಜ್ರಕೇತುಗೆ ಬರಲ್ಲ,” ಎಂದರು. ದಾಳವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಆಗ ಅವರ ದನಿಯಲ್ಲಿದ್ದದ್ದನ್ನು ನಾನು ಅವರು ಕುರ್ಚಿ ಹತ್ತಿದ ದಿನವೂ ಕೇಳಿರಲಿಲ್ಲ. “ಇದನ್ನ ಮಡುವಿಂದ ಹೊರಗೆ ಎಳೆಯೋಣ. ನೀರು ಹರಿದುಹೋಗ್ಲಿ. ಆಮೇಲೆ ಬೇಕಾದರೆ ಸಮುದ್ರದ ಕಡೆ ಬಿಟ್ಟುಬಿಡೋಣ.”

“ಆಯ್ತದಾ ಟೀಚರಮ್ಮ?” ಮರಿಗಂಗಯ್ಯ ನನ್ನ ಕಡೆ ತಿರುಗಿದರು.

ಪುಸ್ತಕದಲ್ಲಿರಲಿಲ್ಲ. ಅಷ್ಟು ದೊಡ್ಡದನ್ನು ಎಳೆಯಲು ಎಲ್ಲರ ದಾಳ ಸೇರಿ ಐವತ್ತು ದಾಟಬೇಕು ಎಂದೆ. ಮೂವರ ದಾಳ ಸೇರಿ ಮೂವತ್ತೊಂದಾಯಿತು. ಮಡುವಿನೊಡೆಯ ಅವರನ್ನೇ ಎರಡು ಹೆಜ್ಜೆ ನೀರಿಗೆ ಎಳೆದುಕೊಂಡಿತು.

“ಹಂಗಲ್ಲ ಹಿಡಿಯೋದು,” ಎಂದು ಮರಿಗಂಗಯ್ಯ ಎದ್ದು ನಿಂತರು. “ಬೀಸಾಕೆ ಒಬ್ಬ ಸಾಕು. ಎಳೆಯಾಕೆ ಜನ ಬೇಕು. ಏಳಿ ಎಲ್ರೂ. ಹಗ್ಗ ಸೊಂಟಕ್ಕೆ ಬರಲಿ, ಹೆಗಲಿಗಲ್ಲ. ಇಂದುಧರಪ್ಪ, ಕಾಲು ಅಗಲ. ಜಬೀನವ್ವಾ, ನನ್ ಹಿಂದೆ.” ಸೊಂಟದ ಮಟ್ಟದಲ್ಲಿ ಅವರ ಎರಡೂ ಕೈ ಮುಂದೆ ಬಂದು, ಇಲ್ಲದ ಹಗ್ಗವೊಂದನ್ನು ಭದ್ರವಾಗಿ ಹಿಡಿದವು, ಬಲಗೈ ಮುಂದೆ, ಎಡಗೈ ಹಿಂದೆ. “ನೀವೂ ಬನ್ನಿ ಟೀಚರಮ್ಮ.”

“ನಾನು ಕತೆ ಹೇಳುವವಳು.”

“ಹೇಳ್ತಾ ಎಳೀರಿ.”

ನಾನು ಎದ್ದು ಇಂದುಧರರ ಹಿಂದೆ ನಿಂತು ಹಿಡಿದುಕೊಂಡೆ. ಮೇಜಿನ ಮೇಲೆ ನಾಲ್ಕು ದಾಳ ಒಂದಾದ ಮೇಲೊಂದು ಬಿದ್ದವು: ಹದಿನೆಂಟು, ಒಂಬತ್ತು, ಹನ್ನೆರಡು, ಕೊನೆಗೆ ನನ್ನದು ಹದಿನಾಲ್ಕು. ಜಬೀನ್ ಕೂಡಿ ಹೇಳುವ ಮೊದಲೇ ಹಗ್ಗ ಬಿಗಿಯಾಯಿತು. ಮರಿಗಂಗಯ್ಯ ಬೆಸ್ತರ ಬೀದಿಯವರು ಎಳೆಯುವಾಗ ಹಾಕುವ ಕೂಗೊಂದನ್ನು ಹಾಕಿದರು. ಇಂದುಧರ ಕಣ್ಣು ಕಿರಿದು ಮಾಡಿ, ಹಲ್ಲು ಕಚ್ಚಿ ಹಿಂದಕ್ಕೆ ಬಾಗಿದರು. ಮರಳು ಕಾಲಡಿಯಲ್ಲಿ ಜಾರಿತು. ಮಡುವಿನಲ್ಲಿ ಏನೋ ಭಾರವಾದದ್ದು ಮೆಲ್ಲಗೆ ಕದಲಿತು.

ಆ ಕೂಗಿಗೆ ಕೆಳಗೆ ಪೇಪರ್ ಓದುತ್ತಿದ್ದ ವಾಚನಾಲಯದ ಮೇಲ್ವಿಚಾರಕರು ಗಾಬರಿಯಾಗಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಸಾಲಾಗಿ ಹಿಂದಕ್ಕೆ ವಾಲಿ ನಿಂತ ನಮ್ಮನ್ನು ನೋಡಿದರು, ನಮ್ಮ ಕೈಗಳನ್ನು ನೋಡಿದರು, ಕೈಗಳ ನಡುವಿನ ಖಾಲಿ ಗಾಳಿಯನ್ನು ನೋಡಿದರು.

“ಏನು ಎಳೀತಿದ್ದೀರಿ?” ಎಂದು ಕೇಳಿದರು.

ಮರಿಗಂಗಯ್ಯ ತಿರುಗದೆ, ಏದುಸಿರು ಬಿಡುತ್ತ, ತಮಗೂ ಜಬೀನಳಿಗೂ ನಡುವೆ ಇನ್ನೊಬ್ಬರಿಗೆ ಹಿಡಿಯಲು ಜಾಗವಾಗುವಂತೆ ಒಂದು ಹೆಜ್ಜೆ ಮುಂದಕ್ಕೆ ಸರಿದರು.